ರಜೆಯೋ, ಕೆಲಸವೋ: ಹೂಳೆತ್ತುವ ಹಡಗು ಕೊಳ್ಳಲು ಹೋದ ಬಂದರು ಎಂಜಿನಿಯರು ಹೆಚ್ಚು ರಜೆ ಕೇಳುತ್ತಿದ್ದುದೇಕೆ

ಬ್ರಿಟಿಷರ ಕಾಲದ ಬಂದರು ಕಡತಗಳನ್ನು ಓದುವವರಿಗೆ ಒಂದು ಬಗೆಯ ಅರ್ಜಿ ಸಿಗುವುದುಂಟು. ಬಂದರಿನ ಎಂಜಿನಿಯರು ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿರುತ್ತಾನೆ. ರಜೆ ಮುಗಿಯುತ್ತ ಬಂದಾಗ ಅಲ್ಲಿಂದ ಕಾಗದ ಬರುತ್ತದೆ: ಡ್ರೆಡ್ಜರ್, ಅಂದರೆ ಹೂಳೆತ್ತುವ ಹಡಗು, ಇನ್ನೂ ಹಡಗುಕಟ್ಟೆಯಲ್ಲೇ ಇದೆ, ಪರೀಕ್ಷೆ ಆಗಬೇಕು, ಹಾಗಾಗಿ ರಜೆಯನ್ನು ಮುಂದುವರಿಸಬೇಕು. ಮೊದಲ ಓದಿಗೆ, ದೊರೆ ತನ್ನ ಊರಿನಲ್ಲಿ ಇನ್ನಷ್ಟು ದಿನ ಇರಲು ಹೂಡಿದ ನೆಪ ಎನಿಸುತ್ತದೆ. ಕೆಲವು ಸಲ ಅದು ನಿಜವೂ ಇರಬಹುದು. ಆದರೆ ರಜೆಯ ನಿಯಮ, ಹಡಗು ಕಟ್ಟುವ ಕ್ರಮ, ನಮ್ಮ ಕರಾವಳಿಯ ಮಳೆಗಾಲ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಅಂಥ ಅರ್ಜಿ ಬಾರದೆ ಇರುವುದೇ ಕಷ್ಟ ಎಂಬುದು ತಿಳಿಯುತ್ತದೆ. ಆ ಕಡತದಲ್ಲಿ ನಿಜವಾಗಿ ಚರ್ಚೆಯಾಗುತ್ತಿದ್ದುದು ಒಂದೇ ವಿಷಯ: ಆ ಎಂಜಿನಿಯರು ಹಡಗುಕಟ್ಟೆಯಲ್ಲಿ ಕಳೆದ ದಿನಗಳ ಖರ್ಚನ್ನು ಹೊರಬೇಕಾದವರು ಯಾರು, ಅವನೋ ಸರ್ಕಾರವೋ?

ರಜೆಯ ಲೆಕ್ಕ

1922ರ ಜನವರಿ 1ರಿಂದ ಜಾರಿಗೆ ಬಂದ ಫಂಡಮೆಂಟಲ್ ರೂಲ್ಸ್ ಭಾರತದ ಸರ್ಕಾರಿ ನೌಕರರ ರಜೆಯನ್ನು ಒಂದು ಖಾತೆಯಂತೆ ನೋಡಿತು. ಅದಕ್ಕೂ ಮುಂಚಿನ ಸಿವಿಲ್ ಸರ್ವೀಸ್ ರೆಗ್ಯುಲೇಷನ್ಸ್‌ನಲ್ಲಿ ಪೂರ್ಣ ಸಂಬಳದ ಪ್ರಿವಿಲೇಜ್ ರಜೆ ಹೆಚ್ಚೆಂದರೆ ಮೂರು ತಿಂಗಳು. ಉಳಿದದ್ದು ಫರ್ಲೋ ಎಂಬ ಅರ್ಧ ಸಂಬಳದ ರಜೆ. ಹೊಸ ನಿಯಮದಲ್ಲಿ ದುಡಿದ ಅವಧಿಯ ಒಂದು ಪಾಲು ಖಾತೆಗೆ ಜಮೆಯಾಗುತ್ತಿತ್ತು. ಏಷ್ಯಾದ ಹೊರಗೆ ಮೂಲನೆಲೆ ಇದ್ದವರು ಮುಖ್ಯವಾಗಿ ಬರುತ್ತಿದ್ದ 'ವಿಶೇಷ' ನಿಯಮದಲ್ಲಿ ಆ ಪಾಲು 22ಕ್ಕೆ 5. ಉಳಿದವರ 'ಸಾಮಾನ್ಯ' ನಿಯಮದಲ್ಲಿ 11ಕ್ಕೆ 2. ಹನ್ನೊಂದು ವರ್ಷ ದುಡಿದರೆ ಮೊದಲನೆಯವನಿಗೆ 30 ತಿಂಗಳು ಜಮೆ, ಎರಡನೆಯವನಿಗೆ 24 ತಿಂಗಳು. ಒಂದೇ ಸಲಕ್ಕೆ ಸರಾಸರಿ ವೇತನದ ಮೇಲೆ ತೆಗೆದುಕೊಳ್ಳಬಹುದಾದ ರಜೆಯಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು: ಒಬ್ಬನಿಗೆ ಎಂಟು ತಿಂಗಳು, ಇನ್ನೊಬ್ಬನಿಗೆ ಸಾಮಾನ್ಯವಾಗಿ ನಾಲ್ಕು. ಒಂದೇ ಬಂದರಿನಲ್ಲಿ, ಒಂದೇ ಬಿಸಿಲಿನಲ್ಲಿ ದುಡಿದವರ ನಡುವೆ ಮೂಲನೆಲೆಯ ಮೇಲೆ ಮಾಡಿದ ಈ ಭೇದ ಅನ್ಯಾಯವೇ ಸರಿ; ರಜೆಯ ಕಡತ ಓದುವಾಗ ಅದನ್ನು ಮರೆಯಬಾರದು.

ಸರಾಸರಿ ವೇತನ ಎಂದರೆ ರಜೆಗೆ ಹಿಂದಿನ ಹನ್ನೆರಡು ತಿಂಗಳ ಸಂಬಳದ ಸರಾಸರಿ. ಎಂಟು ತಿಂಗಳು ಮುಗಿದ ಮೇಲೆ ಖಾತೆಯಲ್ಲಿ ಬಾಕಿ ಇದ್ದರೂ ಸಿಗುತ್ತಿದ್ದುದು ಅರ್ಧ ಸರಾಸರಿ ವೇತನ ಮಾತ್ರ. ಅರ್ಧ ವೇತನದ ಎರಡು ತಿಂಗಳು ಖಾತೆಯಿಂದ ಒಂದೇ ತಿಂಗಳನ್ನು ಕಳೆಯುತ್ತಿತ್ತು ಎನ್ನುವುದು ಸಮಾಧಾನದ ಸಂಗತಿ. ಆದರೂ ಮನೆ ಬಾಡಿಗೆ, ಮಕ್ಕಳ ಶಾಲೆಯ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲವಲ್ಲ. ಎಂಟನೆಯ ತಿಂಗಳ ಕೊನೆಗೆ ಅರ್ಜಿ ಬರೆಯುವವನು 'ರಜೆ ಮುಂದುವರಿಸಿ' ಎಂದಷ್ಟೇ ಕೇಳದೆ, 'ಇಷ್ಟು ದಿನವನ್ನು ಕೆಲಸದ ಅವಧಿ ಎಂದು ಪರಿಗಣಿಸಿ' ಎಂದು ಸೇರಿಸುತ್ತಿದ್ದುದಕ್ಕೆ ಕಾರಣ ಇಲ್ಲಿದೆ.

ಕೆಲಸದ ಅವಧಿ ಎಂದು ಪರಿಗಣಿಸಿದರೆ ಅದು ರಜೆಯಲ್ಲ, ನಿಯೋಜನೆ. ದೇಶದ ಹೊರಗೆ ನಿಯೋಜಿಸಲು ಬೇರೆ ನಿಯಮ, ಮೇಲಿನ ಮಟ್ಟದ ಒಪ್ಪಿಗೆ, ಬೇರೆ ಲೆಕ್ಕದ ಶೀರ್ಷಿಕೆ ಬೇಕು. ರಜೆಯ ಖಾತೆಯಿಂದ ಏನೂ ಕಳೆಯುವುದಿಲ್ಲ, ಸಂಬಳ ಬಂದರು ಯೋಜನೆಯ ಬಂಡವಾಳ ವೆಚ್ಚಕ್ಕೆ ಬೀಳುತ್ತದೆ. ಅಲ್ಲಿಗೆ ಲೆಕ್ಕಪತ್ರ ಇಲಾಖೆ ಮೂಗು ತೂರಿಸದೆ ಬಿಡುವುದಿಲ್ಲ: 'ಅಧಿಕಾರಿ ಹೇಗೂ ಊರಿಗೆ ಹೋಗಿದ್ದಾನೆ, ವಾರಕ್ಕೊಮ್ಮೆ ಹಡಗುಕಟ್ಟೆಗೆ ಹೋಗಿ ಬಂದರೆ ಅದಕ್ಕೆ ಪೂರ್ತಿ ತಿಂಗಳ ಸಂಬಳ ಏಕೆ?' ಇದಕ್ಕೆ ನಡುವಿನ ದಾರಿ, ತಪಾಸಣೆಗೆ ಹೋದ ದಿನಗಳನ್ನಷ್ಟೇ ಕೆಲಸ ಎಂದು ಎಣಿಸಿ ಉಳಿದದ್ದನ್ನು ರಜೆಯಲ್ಲೇ ಬಿಡುವುದು. ಆಗ ಎಂಜಿನಿಯರು ದಿನಚರಿಯ ನಕಲು, ರೈಲಿನ ಚೀಟಿ, ಕಟ್ಟೆಯ ಮೇಲ್ವಿಚಾರಕನ ಪತ್ರ ಎಲ್ಲವನ್ನೂ ಜೋಡಿಸಬೇಕಾಗುತ್ತದೆ.

ಫಂಡಮೆಂಟಲ್ ರೂಲ್ಸ್‌ನ ಒಂದು ಮಾತು ಇಂದಿಗೂ ನಮ್ಮ ಕಚೇರಿಗಳಲ್ಲಿ ಚಾಲ್ತಿಯಲ್ಲಿದೆ: ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಕರ್ನಾಟಕ ಸರ್ಕಾರಿ ಸೇವಾ ನಿಯಮಗಳಲ್ಲೂ ಇದು ಹಾಗೇ ಇದೆ. ಸರ್ಕಾರಕ್ಕೆ ಬೇಕೆನಿಸಿದರೆ ರಜೆಯಲ್ಲಿದ್ದವನನ್ನು ಕಡ್ಡಾಯವಾಗಿ ವಾಪಸು ಕರೆಸಬಹುದಿತ್ತು. ಹಾಗೆ ಕರೆಸಿದರೆ ಹಡಗಿನ ಖರ್ಚು ಸರ್ಕಾರದ್ದು, ಪ್ರಯಾಣದ ದಿನಗಳು ರಜೆಯ ಗಳಿಕೆಗೆ ಸೇವೆಯೆಂದೇ ಲೆಕ್ಕ. ಅನಾರೋಗ್ಯದ ಕಾರಣಕ್ಕೆ ಮುಂದುವರಿಕೆ ಕೇಳಿದರೆ ಬ್ರಿಟಿಷ್ ಸರ್ಕಾರದಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸಿನ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಬೇಕಿತ್ತು. ರಜೆಯ ಸಂಬಳ ಅಲ್ಲೇ ಪಡೆಯಲು ಭಾರತದಿಂದ ಕೊನೆಯ ವೇತನ ಪ್ರಮಾಣಪತ್ರ ತಲುಪಿರಬೇಕು. ಅದು ತಡವಾದರೆ ಮೊದಲ ತಿಂಗಳ ಸಂಬಳವೇ ನಿಂತುಹೋಗುವುದು.

ಕೊಳ್ಳುವವರು ಯಾರು

ಎಂಜಿನಿಯರು ಹೋಗಿ ಅಂಗಡಿಯಲ್ಲಿ ಯಂತ್ರ ಕೊಂಡಂತೆ ಡ್ರೆಡ್ಜರ್ ಕೊಳ್ಳುವಂತಿರಲಿಲ್ಲ. ಭಾರತ ಸರ್ಕಾರದ ಇಲಾಖೆಗಳು ವಿಲಾಯಿತಿ ಸಾಮಾನಿಗೆ ಇಂಡೆಂಟ್, ಅಂದರೆ ಬೇಡಿಕೆಪಟ್ಟಿ, ಕಳಿಸಬೇಕಾದದ್ದು ಲಂಡನ್ನಿನ ಇಂಡಿಯಾ ಸ್ಟೋರ್ ಡಿಪಾರ್ಟ್‌ಮೆಂಟಿಗೆ. 1920ರಲ್ಲಿ ಭಾರತದ ಹೈಕಮಿಷನರ್ ಹುದ್ದೆ ಹುಟ್ಟಿದ ಮೇಲೆ ಆ ಇಲಾಖೆ ಅವರ ಕೈಕೆಳಗೆ ಬಂತು. ಸಿಲೋನ್, ಗೋಲ್ಡ್ ಕೋಸ್ಟ್‌ನಂಥ ವಸಾಹತುಗಳಿಗೆ ಇದೇ ಕೆಲಸ ಮಾಡುತ್ತಿದ್ದವರು ಕ್ರೌನ್ ಏಜೆಂಟರು. ಬೊಂಬಾಯಿ, ಕಲ್ಕತ್ತೆ, ಮದರಾಸಿನ ಪೋರ್ಟ್ ಟ್ರಸ್ಟ್‌ಗಳು ಕಾನೂನಿನಂತೆ ಪ್ರತ್ಯೇಕ ಸಂಸ್ಥೆಗಳಾದ್ದರಿಂದ ಲಂಡನ್ನಿನ ಸಲಹಾ ಎಂಜಿನಿಯರುಗಳ ಮೂಲಕ ವ್ಯವಹರಿಸುವ ಅವಕಾಶ ಅವಕ್ಕಿತ್ತು.

ಹೀಗಾಗಿ ಮೂವರು ಕೂಡಬೇಕು. ಸಲಹಾ ಎಂಜಿನಿಯರು ನಕ್ಷೆ, ವಿವರಪಟ್ಟಿ ಬರೆಯುತ್ತಾನೆ. ಸ್ಟೋರ್ ಇಲಾಖೆ ಟೆಂಡರ್ ಕರೆದು ಕರಾರು ಮಾಡಿ, ತನ್ನ ತಪಾಸಕರಿಂದ ಉಕ್ಕು, ರಿವೆಟ್, ಬಾಯ್ಲರ್ ಪರೀಕ್ಷೆ ಮಾಡಿಸುತ್ತದೆ. ಬಂದರಿನ ತಳ ಹೇಗಿದೆ ಎಂದು ಬಲ್ಲವನು ಮಾತ್ರ ಮೂರನೆಯವನು, ಭಾರತದಿಂದ ಬಂದ ಬಂದರು ಎಂಜಿನಿಯರು. ಅವನಿಲ್ಲದೆ ಮೊದಲಿಬ್ಬರೂ ಕಾಗದದ ಮೇಲೆ ಸರಿಯಾದ, ನೀರಿನಲ್ಲಿ ತಪ್ಪಾದ ಯಂತ್ರವನ್ನು ಕೊಂಡುಬಿಡಬಹುದು.

ಕಟ್ಟೆಯ ಮೇಲೆ ಅವನು ನೋಡಬೇಕಾದದ್ದು

ಕೊಚ್ಚಿಯಂಥ ಹಿನ್ನೀರಿನ ಬಂದರಿಗೆ ಬೇಕಾಗುವುದು ಕಟ್ಟರ್ ಸಕ್ಷನ್ ಡ್ರೆಡ್ಜರ್. ಏಣಿಯಂಥ ಚೌಕಟ್ಟಿನ ತುದಿಯಲ್ಲಿ ತಿರುಗುವ ಹಲ್ಲಿನ ತಲೆ ತಳವನ್ನು ಕೆತ್ತುತ್ತದೆ, ಅದರ ಹಿಂದಿನ ಕೊಳವೆ ಮಣ್ಣು ನೀರನ್ನು ಒಟ್ಟಿಗೆ ಹೀರುತ್ತದೆ, ಪಂಪು ಅದನ್ನು ತೇಲುವ ಕೊಳವೆಸಾಲಿನ ಮೂಲಕ ದೂರಕ್ಕೆ ನೂಕುತ್ತದೆ. ಹಿಂಬದಿಯ ಎರಡು ಊರುಗಂಬಗಳಲ್ಲಿ ಒಂದನ್ನು ತಳಕ್ಕೆ ಊರಿ, ಅದರ ಸುತ್ತ ಹಡಗು ಎಡಕ್ಕೆ ಬಲಕ್ಕೆ ಬೀಸುತ್ತ ಕೆಲಸ ಮಾಡುತ್ತದೆ. ಕೊಳವೆಯೊಳಗಿನ ಗಂಜಿಯಲ್ಲಿ ಗಟ್ಟಿ ಮಣ್ಣಿನ ಪಾಲು ಗಾತ್ರದಲ್ಲಿ ಐದರಲ್ಲಿ ಒಂದು ಪಾಲು ಬಂದರೂ ಒಳ್ಳೆಯದೇ; ಉಳಿದದ್ದು ನೀರು.

ಇಲ್ಲಿ ಎಡವುವ ಜಾಗಗಳು ಹಲವು. ಕೊಳವೆಯಲ್ಲಿ ಹರಿವಿನ ವೇಗ ಸೆಕೆಂಡಿಗೆ ಸುಮಾರು ಹತ್ತು ಅಡಿಗಿಂತ ಕೆಳಗಿಳಿದರೆ ಒರಟು ಮರಳು ತಳಕ್ಕೆ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ 'ಗಂಟೆಗೆ ಇಷ್ಟು ಘನಗಜ' ಎಂದಷ್ಟೇ ಕರಾರಿನಲ್ಲಿ ಬರೆದರೆ ಸಾಲದು. ಎಷ್ಟು ಅಡಿ ಕೊಳವೆಯ ಮೂಲಕ, ಎಷ್ಟು ಎತ್ತರಕ್ಕೆ, ಯಾವ ಮಣ್ಣನ್ನು ಎಂಬುದೂ ಬೇಕು. ಮಣ್ಣಿನ ಅಳತೆಯನ್ನು ತಳದಲ್ಲಿ ಇದ್ದಂತೆ ತೆಗೆಯುವುದೋ, ಎತ್ತಿದ ಮೇಲೋ ಎಂಬುದನ್ನೂ ಹೇಳಿರಬೇಕು. ಕೆತ್ತಿದ ಜೇಡಿ ಉಬ್ಬಿಕೊಳ್ಳುವುದರಿಂದ ಎರಡು ಅಳತೆಗಳು ಎಂದಿಗೂ ಕೂಡುವುದಿಲ್ಲ. ಮರಳು ಕೊಳವೆಯ ಕೆಳಭಾಗವನ್ನು ಬೇಗ ಸವೆಸುತ್ತದೆ. ಬಲ್ಲವರು ಕೊಳವೆಯನ್ನು ಆಗಾಗ ಮೂರನೇ ಒಂದರಷ್ಟು ಸುತ್ತು ತಿರುಗಿಸಿ ಜೋಡಿಸುತ್ತಾರೆ. ಅದಕ್ಕೆ ಕೊಳವೆಯ ತುದಿಯ ಚಾಚುಪಟ್ಟಿಯ ಬೋಲ್ಟು ತೂತುಗಳು ಸಮ ಅಂತರದಲ್ಲಿರಬೇಕು. ನಕ್ಷೆಯಲ್ಲಿ ಇದನ್ನು ಗಮನಿಸದಿದ್ದರೆ ಕೊಚ್ಚಿಯಲ್ಲಿ ಕುಳಿತು ಏನೂ ಮಾಡಲಾಗದು.

ಇನ್ನು ಪರೀಕ್ಷೆ. ಸ್ಕಾಟ್ಲೆಂಡಿನ ಕ್ಲೈಡ್ ನದಿಯಲ್ಲಿ ಪರೀಕ್ಷೆಯ ದಿನ ಬಾಯ್ಲರಿಗೆ ಹಾಕುವುದು ವೇಲ್ಸಿನ ಉತ್ತಮ ಕಲ್ಲಿದ್ದಲು. ಭಾರತದಲ್ಲಿ ಸಿಗುವುದು ಬಂಗಾಳದ ಕಲ್ಲಿದ್ದಲು: ಬೂದಿ ಹೆಚ್ಚು, ಕಾವು ಕಡಿಮೆ. ಅಷ್ಟೇ ಆವಿ ಬೇಕೆಂದರೆ ಒಲೆಯ ಜಾಲರಿ ಅಗಲವಾಗಿರಬೇಕು, ಬೂದಿ ತೆಗೆಯಲು ಜಾಗ ಬೇಕು. ಕ್ಲೈಡಿನ ತಣ್ಣೀರಿನಲ್ಲಿ, ಎಂಜಿನ್ನಿನ ಆವಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್ ಕೊಡುವ ನಿರ್ವಾತವನ್ನು 28–30 ಡಿಗ್ರಿಯ ಮಲಬಾರಿನ ನೀರು ಕೊಡಲಾರದು. ಅಲ್ಲಿ ಮೆಚ್ಚುಗೆ ಪಡೆದ ಎಂಜಿನ್ ಇಲ್ಲಿ ಸೊರಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿ ಕಂಡೆನ್ಸರಿನ ಮೇಲ್ಮೈ ಹೆಚ್ಚಿಸಬೇಕು. ಬಾಯ್ಲರಿಗೆ ಸಿಹಿನೀರು ಎಲ್ಲಿಂದ ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ಹಿನ್ನೀರು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು.

ಬಿಡಿಭಾಗಗಳ ಪಟ್ಟಿಯಲ್ಲಿ ಅನುಭವ ಗೊತ್ತಾಗುತ್ತದೆ. ಪಂಪಿನ ಚಕ್ರ, ಪಂಪಿನೊಳಗಿನ ಸವೆತದ ತಟ್ಟೆಗಳು, ಮ್ಯಾಂಗನೀಸ್ ಉಕ್ಕಿನ ಕಟ್ಟರ್ ಹಲ್ಲುಗಳು, ಬೀಸುವ ತಂತಿಹಗ್ಗ, ಊರುಗಂಬದ ತುದಿ: ಮೊದಲು ಹೋಗುವವು ಇವೇ. ಒಂದು ಚಕ್ರ ಒಡೆದರೆ ಲಂಡನ್ನಿಗೆ ತಂತಿ ಕಳಿಸಿ, ಎರಕ ಹೊಯ್ಯಿಸಿ, ಹಡಗಿನಲ್ಲಿ ತರಿಸುವ ಹೊತ್ತಿಗೆ ತಿಂಗಳುಗಳು ಉರುಳಿ, ಕೆಲಸದ ಹಂಗಾಮೇ ಕಳೆದಿರುತ್ತದೆ. ದರ ಕಡಿಮೆ ಮಾಡಲು ಗುಮಾಸ್ತರು ಮೊದಲು ಕತ್ತರಿ ಹಾಕುವುದು ಈ ಪಟ್ಟಿಗೇ. ಹಾಗಾಗದಂತೆ ತಡೆಯಲು ಎಂಜಿನಿಯರು ಎದುರಿಗೇ ಕೂತಿರಬೇಕು.

ತಿಂಗಳುಗಳ ಹೊಂದಾಣಿಕೆ

ಲೆಕ್ಕ ಹಾಕಿ ನೋಡೋಣ. ಬಿಸಿಲು ಏರುವ ಮುನ್ನ ರಜೆ ಹಾಕಿ ಎಂಜಿನಿಯರು ಏಪ್ರಿಲ್‌ನಲ್ಲಿ ಲಂಡನ್ ಸೇರಿದ ಎನ್ನೋಣ. ಸಲಹಾ ಎಂಜಿನಿಯರರ ಜೊತೆ ಕುಳಿತು ವಿವರಪಟ್ಟಿ ಮುಗಿಸಲು ಎರಡು ಮೂರು ತಿಂಗಳು. ಜುಲೈನಲ್ಲಿ ಟೆಂಡರ್, ಸೆಪ್ಟೆಂಬರಿನಲ್ಲಿ ತೆರೆದು ಹೋಲಿಕೆ, ಭಾರತದಿಂದ ಒಪ್ಪಿಗೆ ಬಂದು ಅಕ್ಟೋಬರಿನಲ್ಲಿ ಕರಾರು. ಹಡಗಿನ ಬೆನ್ನೆಲುಬಾದ ಅಡಿಗಟ್ಟು ಹಾಕುವುದು ಜನವರಿ, ನೀರಿಗಿಳಿಸುವುದು ಆಗಸ್ಟ್, ಯಂತ್ರ ಕೂರಿಸಿ ಪರೀಕ್ಷೆ ನವೆಂಬರ್. ಎಂಟು ತಿಂಗಳ ಪೂರ್ಣ ರಜೆ ಮುಗಿಯುವುದು ಮೊದಲ ವರ್ಷದ ನವೆಂಬರ್ ಕೊನೆಗೆ, ಕರಾರಾದ ಬೆನ್ನಿಗೆ. ಅವನು ನಿಜಕ್ಕೂ ಇರಬೇಕಾದ ಎರಡನೆಯ ಹೊತ್ತು ಬರುವುದು ಅದಾದ ಒಂದು ವರ್ಷಕ್ಕೆ. ನಡುವೆ ಹಡಗುಕಟ್ಟೆಯಲ್ಲಿ ಮುಷ್ಕರವಾದರೆ, ಉಕ್ಕು ಬರುವುದು ತಡವಾದರೆ ಲೆಕ್ಕ ಇನ್ನಷ್ಟು ಜಾರುತ್ತದೆ.

ಸರ್ಕಾರದ ಮುಂದಿದ್ದ ದಾರಿಗಳು ಮೂರು. ಅವನನ್ನು ವಾಪಸು ಕರೆಸಿ ಪರೀಕ್ಷೆಯ ಹೊತ್ತಿಗೆ ಮತ್ತೆ ಕಳಿಸುವುದು: ಎರಡು ಪ್ರಯಾಣದ ಖರ್ಚು. ರಜೆ ಮುಂದುವರಿಸಿ ಅಲ್ಲೇ ಇರಿಸುವುದು: ಬಂದರಿನಲ್ಲಿ ಕೆಲಸ ನಿಧಾನ. ಎಲ್ಲವನ್ನೂ ಸಲಹಾ ಎಂಜಿನಿಯರರಿಗೆ ಬಿಡುವುದು: ಶುಲ್ಕ ಕೊಡಬೇಕು, ಮೇಲಾಗಿ ಒಲೆಯ ಜಾಲರಿಯಂಥ ವಿಷಯ ಅವರ ಕಣ್ಣಿಗೆ ಬೀಳದೆ ಹೋಗಬಹುದು. ನನ್ನ ಮಟ್ಟಿಗೆ ಮೊದಲನೆಯದೇ ಸರಿಯಾದ ದಾರಿ, ಎರಡನೆಯ ಪ್ರಯಾಣವನ್ನು ನಿಯೋಜನೆ ಎಂದು ಒಪ್ಪಿಕೊಳ್ಳುವುದಾದರೆ. ದೊಡ್ಡ ಯಂತ್ರದ ಬೆಲೆಯ ಮುಂದೆ ಒಬ್ಬನ ಹಡಗಿನ ಚೀಟಿ ದೊಡ್ಡ ಖರ್ಚಲ್ಲ. ಆದರೆ ಕಾಗದದ ಮೇಲೆ ಅತಿ ಅಗ್ಗವಾಗಿ ಕಾಣುವುದು ಎರಡನೆಯದು, ಏಕೆಂದರೆ ಅದರಲ್ಲಿ ಅರ್ಧ ಸಂಬಳ ಅಧಿಕಾರಿಯ ಜೇಬಿನಿಂದಲೇ ಹೋಗುತ್ತದೆ.

ಹಡಗು ಸಿದ್ಧವಾದ ಮೇಲಿನ ಗಡುವು ನಮ್ಮ ಕರಾವಳಿಯದು. ಬ್ರಿಟನ್ನಿನಿಂದ ಸೂಯೆಜ್ ಮಾರ್ಗವಾಗಿ ಕೊಚ್ಚಿಗೆ ಸುಮಾರು 6,500 ನಾಟಿಕಲ್ ಮೈಲಿ. ಡ್ರೆಡ್ಜರ್ ಪ್ರಯಾಣದ ಹಡಗಲ್ಲ; ಗಂಟೆಗೆ ಆರು ಮೈಲಿಯಂತೆ ಹೋದರೆ ದಿನಕ್ಕೆ 144, ಅಂದರೆ 45 ದಿನ; ಕಲ್ಲಿದ್ದಲು ತುಂಬಿಸಿಕೊಳ್ಳಲು ನಿಲ್ಲುವುದು ಸೇರಿ ಎರಡು ತಿಂಗಳ ಹತ್ತಿರ. ಕಟ್ಟರಿನ ಏಣಿಯನ್ನು ಎತ್ತಿ ಕಟ್ಟಬೇಕು, ಊರುಗಂಬಗಳನ್ನು ಹಡಗಿನ ಅಟ್ಟದ (ಡೆಕ್) ಮೇಲೆ ಮಲಗಿಸಬೇಕು, ಏಣಿಯ ಸಂದಿಗೆ ತಾತ್ಕಾಲಿಕ ಹಲಗೆ ಹೊಡೆಯಬೇಕು. ತೇಲುವ ಕೊಳವೆಯ ದೋಣಿಗಳನ್ನು ಬಿಚ್ಚಿದ ತಗಡುಗಳಾಗಿ ಬೇರೆ ಹಡಗಿನಲ್ಲಿ ಕಳಿಸಿ ಇಲ್ಲಿ ರಿವೆಟ್ ಹೊಡೆದು ಜೋಡಿಸುವುದು ರೂಢಿ. ಡ್ರೆಡ್ಜರ್ ಬಂದು ಕೊಳವೆ ಬಾರದಿದ್ದರೆ ಅದು ಸುಮ್ಮನೆ ಲಂಗರು ಹಾಕಿ ನಿಲ್ಲುತ್ತದೆ. ಜೂನಿಗೆ ಮುಂಗಾರು ಹಿಡಿದ ಮೇಲೆ ಅರಬ್ಬಿ ಸಮುದ್ರದಲ್ಲಿ ಇಂಥ ಚಪ್ಪಟೆ ತಳದ ಯಂತ್ರವನ್ನು ತರುವ ಧೈರ್ಯ ಯಾರಿಗೂ ಇಲ್ಲ. ಮೇ ಮೊದಲ ವಾರಕ್ಕೆ ಏಡನ್ ದಾಟದಿದ್ದರೆ ಮಳೆಗಾಲ ಮುಗಿಯುವವರೆಗೆ ಕಾಯಬೇಕು. ಪರೀಕ್ಷೆಯಲ್ಲಿ ಆದ ಮೂರು ವಾರದ ತಡ ಬಂದರಿಗೆ ನಾಲ್ಕು ತಿಂಗಳ ನಷ್ಟವಾಗುವುದು ಹೀಗೆ.

ರೂಪಾಯಿಯ ಏರಿಳಿತ

ಹಣವನ್ನು ಸಾಮಾನ್ಯವಾಗಿ ಕಂತುಗಳಲ್ಲಿ ಕೊಡುತ್ತಾರೆ: ಅಡಿಗಟ್ಟು, ಪಕ್ಕೆಲುಬು, ಹೊರತಗಡು, ನೀರಿಗಿಳಿಸುವುದು, ಒಪ್ಪಿಸುವುದು. ಎಲ್ಲವೂ ಪೌಂಡಿನಲ್ಲಿ, ಮಂಜೂರಾತಿ ಮಾತ್ರ ರೂಪಾಯಿಯಲ್ಲಿ. ಮೊದಲ ಮಹಾಯುದ್ಧದ ಮುಂಚೆ ರೂಪಾಯಿಗೆ 1 ಶಿಲ್ಲಿಂಗ್ 4 ಪೆನ್ನಿ, ಅಂದರೆ ಪೌಂಡಿಗೆ 15 ರೂಪಾಯಿ. 1920ರಲ್ಲಿ ದರ 2 ಶಿಲ್ಲಿಂಗ್ ದಾಟಿ, ಮುಂದಿನ ವರ್ಷ ಮತ್ತೆ ಕುಸಿಯಿತು. 1927ರಲ್ಲಿ 1 ಶಿಲ್ಲಿಂಗ್ 6 ಪೆನ್ನಿಗೆ ನಿಗದಿಯಾಯಿತು. ಒಂದು ಲಕ್ಷ ಪೌಂಡಿನ ಯಂತ್ರ ಎಂದುಕೊಂಡರೆ ಮೊದಲ ದರದಲ್ಲಿ 15 ಲಕ್ಷ ರೂಪಾಯಿ, 2 ಶಿಲ್ಲಿಂಗಿನ ದರದಲ್ಲಿ 10 ಲಕ್ಷ, ಕೊನೆಯ ದರದಲ್ಲಿ 13 ಲಕ್ಷ 33 ಸಾವಿರ. 1920ರಲ್ಲಿ ಅಂದಾಜು ಮಾಡಿ 1921ರಲ್ಲಿ ಕಂತು ಕಟ್ಟಿದವರ ಅಂದಾಜು ಹಾರಿಹೋದದ್ದಕ್ಕೆ ಎಂಜಿನಿಯರರ ದುಂದು ಕಾರಣವಲ್ಲ. ಹಳೆಯ ವರದಿಗಳಲ್ಲಿ 'ಅಂದಾಜು ಮೀರಿದ ವೆಚ್ಚ' ಕಂಡಾಗ ಮೊದಲು ವಿನಿಮಯ ದರ ನೋಡಬೇಕು.

ಕೊಚ್ಚಿಯಲ್ಲಿ ಆದದ್ದು

ಬಂದರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕೊಚ್ಚಿಗೆ ಬಂದದ್ದು 1920ರ ಏಪ್ರಿಲ್‌ನಲ್ಲಿ, ಮದರಾಸಿನ ಗವರ್ನರ್ ಲಾರ್ಡ್ ವಿಲಿಂಗ್ಡನ್ ಕಾಲದಲ್ಲಿ. ಹಿನ್ನೀರಿನ ಬಾಯಿಗೆ ಅಡ್ಡಲಾಗಿ ಮಲಗಿದ್ದ ಗಟ್ಟಿ ದಿಬ್ಬದಿಂದಾಗಿ ದೊಡ್ಡ ಹಡಗುಗಳು ಹೊರಗಿನ ಕಡಲಲ್ಲೇ ನಿಲ್ಲುತ್ತಿದ್ದವು. ದಿಬ್ಬ ಕಡಿದರೆ ಪಕ್ಕದ ವೈಪೀನ್ ತೀರ ಕೊಚ್ಚಿಹೋಗುವುದೇ ಎಂಬ ಭಯಕ್ಕೆ ಮೊದಲು ಉತ್ತರ ಕಂಡುಕೊಳ್ಳಬೇಕಿತ್ತು. ಮದರಾಸು ಸರ್ಕಾರ, ಕೊಚ್ಚಿ ಮತ್ತು ತಿರುವಾಂಕೂರು ಸಂಸ್ಥಾನಗಳು ಸುಂಕದ ಪಾಲಿನ ಬಗ್ಗೆ ಒಪ್ಪಂದಕ್ಕೆ ಬರುವುದೂ ಅಷ್ಟೇ ಕಷ್ಟವಾಗಿತ್ತು. ಭಾರತ ಸರ್ಕಾರವೂ ಸೇರಿದ ಒಪ್ಪಂದ ಆದದ್ದು 1925ರಲ್ಲಿ. 'ಲಾರ್ಡ್ ವಿಲಿಂಗ್ಡನ್' ಎಂಬ ಡ್ರೆಡ್ಜರ್ 1926ರಲ್ಲಿ ಬಂತು. 1928ರ ಮೇ 26ರಂದು ಬೊಂಬಾಯಿಯಿಂದ ಬಂದ 'ಪದ್ಮಾ' ಎಂಬ ಹಡಗು ಒಳಬಂದರಿಗೆ ಬಂತು. ಎತ್ತಿದ ಮಣ್ಣನ್ನು ಸುರಿದು ಹಿನ್ನೀರಿನಲ್ಲೇ ಸುಮಾರು 780 ಎಕರೆಯ ವಿಲಿಂಗ್ಡನ್ ದ್ವೀಪವನ್ನು ಮಾಡಿದರು. 1936ರಲ್ಲಿ ಕೊಚ್ಚಿ ಪ್ರಮುಖ ಬಂದರೆಂದು ಘೋಷಣೆಯಾಯಿತು. ಆರು ವರ್ಷ ಯಂತ್ರವಿಲ್ಲದೆ, ಎರಡೇ ವರ್ಷ ಯಂತ್ರದೊಡನೆ: ಹಡಗುಕಟ್ಟೆಯ ಒಂದೊಂದು ತಿಂಗಳಿಗೂ ಇದ್ದ ಬೆಲೆ ಈ ತಾರೀಖುಗಳಲ್ಲೇ ಕಾಣುತ್ತದೆ.

ಯಂತ್ರ ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮದರಾಸು ಸಾಕ್ಷಿ. 1881ರ ನವೆಂಬರಿನ ಚಂಡಮಾರುತ ಕಟ್ಟುತ್ತಿದ್ದ ಅಲೆತಡೆ ಗೋಡೆಗಳನ್ನು ಒಡೆದು, ಕಾಂಕ್ರೀಟ್ ದಿಮ್ಮಿ ಇರಿಸುವ ಎರಡು ಟೈಟನ್ ಕ್ರೇನುಗಳನ್ನು ಕಡಲಿಗೆ ಕೆಡವಿತು. ಅದೇ ಬಂದರಿನ ಪೋರ್ಟ್ ಟ್ರಸ್ಟ್ ಕಚೇರಿಯಲ್ಲಿ 1912ರಿಂದ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾಗಿದ್ದವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್. ಅಧ್ಯಕ್ಷರಾಗಿದ್ದ ಎಂಜಿನಿಯರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಬೆಂಬಲದಿಂದ 1913ರಲ್ಲಿ ರಾಮಾನುಜನ್‌ಗೆ ಎರಡು ವರ್ಷದ ರಜೆ ಸಿಕ್ಕಿತು. ಅದು ಸಂಬಳವಿಲ್ಲದ ರಜೆ. ಬದುಕಿಗೆ ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿ ಕೊಟ್ಟಿತು. ಬಂದರು ಕಚೇರಿಯ ರಜೆಯ ಚರಿತ್ರೆಯಲ್ಲಿ ಇದಕ್ಕಿಂತ ಸಾರ್ಥಕವಾದ ಮಂಜೂರಾತಿ ಇನ್ನೊಂದಿಲ್ಲ.

ಮಂಗಳೂರಿನವರಿಗೆ ಈ ಕಡತಗಳು ದೂರದವಲ್ಲ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲೇ ಇತ್ತು. ನೇತ್ರಾವತಿ–ಗುರುಪುರ ಹೊಳೆಗಳ ಅಳಿವೆಯ ಮರಳಿನಿಂದ ಇಲ್ಲೂ ದೊಡ್ಡ ಹಡಗುಗಳು ಕಡಲಲ್ಲೇ ನಿಂತು, ಹೆಂಚು, ಕಾಫಿ ದೋಣಿಗಳಲ್ಲಿ ಹೋಗುತ್ತಿದ್ದವು. ಕೊಚ್ಚಿಗೆ ಡ್ರೆಡ್ಜರ್ ಬಂದಾಗ ಮಂಗಳೂರಿಗೆ ಬಾರದೆ ಹೋದದ್ದರ ಫಲವನ್ನು ಈ ಊರು ದಶಕಗಳ ಕಾಲ ಉಂಡಿತು. ಪಣಂಬೂರಿನಲ್ಲಿ ಅಗೆದು ಮಾಡಿದ ನವಮಂಗಳೂರು ಬಂದರು ಪ್ರಮುಖ ಬಂದರಾದದ್ದು 1974ರಲ್ಲಿ.

ಇಂಥ ಕಡತ ಕೈಗೆ ಬಂದರೆ ಅರ್ಜಿಯ ಒಕ್ಕಣೆಗಿಂತ ಮೊದಲು ಮೂರು ತಾರೀಖು ಗುರುತಿಸಿಕೊಳ್ಳಿ: ರಜೆ ಶುರುವಾದದ್ದು, ಕರಾರಿಗೆ ಸಹಿ ಬಿದ್ದದ್ದು, ಪರೀಕ್ಷೆ ನಡೆದದ್ದು. ಕೇಳಿದ ಮುಂದುವರಿಕೆ ಪರೀಕ್ಷೆಯ ದಿನಕ್ಕೆ ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ ಯಂತ್ರದ ಹೆಸರು ಬರಿಯ ಆಸರೆ. ಆಮೇಲೆ ಸಂಬಳ ಯಾವ ಶೀರ್ಷಿಕೆಗೆ ಬಿದ್ದಿದೆ ಎಂದು ಲೆಕ್ಕಪತ್ರದ ಷರಾ ಓದಿ. ಕೊನೆಗೆ ಅದೇ ತಿಂಗಳುಗಳ ಮದರಾಸು ಸರ್ಕಾರದ ರಾಜಪತ್ರ, ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ ತೆರೆದು ಪ್ರಭಾರದ ಆದೇಶ ಹುಡುಕಿ. ಎಂಜಿನಿಯರು ಹಡಗುಕಟ್ಟೆಯಲ್ಲಿದ್ದಷ್ಟು ದಿನ ಬಂದರಿನ ಆಳ ಅಳೆದು, ಕೂಲಿ ಬಟವಾಡೆ ಮಾಡಿಸಿ, ಬರಲಿರುವ ಯಂತ್ರಕ್ಕೆ ಜಾಗ ಸಿದ್ಧಮಾಡಿದ ಸಹಾಯಕನ ಹೆಸರು ಅಲ್ಲಿ ಒಂದು ಸಾಲಿನಲ್ಲಿ ಇರುತ್ತದೆ, ಮುಖ್ಯ ಕಡತದಲ್ಲಿ ಇಲ್ಲದಿದ್ದರೂ.